ಶ್ರೀ ಇಲ್ಲದ ಕಾರ್ಡು

ಮೇ ತಿಂಗಳ ಕೊನೆಯ ವಾರ ಬಂತೆಂದರೆ ಬೆಳಗಾವಿ ಸ್ಟೇಶನ್ನಿನ ಟಾಂಗಾದವರಿಗೆ ಸುಗ್ಗಿ. ಲೋಂಡಾ ಕಡೆಯಿಂದಲೂ ಮಿರಜಿನ ಕಡೆಯಿಂದಲೂ ಬರುವ ಗಾಡಿಗಳು ಸಾಲೆಯ ಹುಡುಗರನ್ನು ತಂದು ಸುರಿಯುತ್ತಿದ್ದವು. ಟ್ರಂಕು, ಹಾಸಿಗೆಸುರುಳಿ, ಅವ್ವ ಕಟ್ಟಿಕೊಟ್ಟ ಉಂಡಿಯ ಡಬ್ಬಿ ಇದ್ದವರು ಟಾಂಗಾ ಹತ್ತುತ್ತಿದ್ದರು. ಒಂದು ಬಟ್ಟೆಗಂಟು, ಒಂದು ತಾಮ್ರದ ತಂಬಿಗೆ ಇದ್ದವರು ನಡೆಯುತ್ತಿದ್ದರು. ಇಂಥವರನ್ನು ಕೂಗಿ ಕರೆಯುವ ಶ್ರಮವನ್ನೂ ಟಾಂಗಾದವರು ತೆಗೆದುಕೊಳ್ಳುತ್ತಿರಲಿಲ್ಲ. ಖಾನಾಪುರದ ದಿಗಂಬರ ನಡೆಯುವವರ ಪೈಕಿ.

ಊರಲ್ಲಿ ಕಾಂಗ್ರೆಸ್ಸಿನ ಅಧಿವೇಶನ ನಡೆದು ಒಂದೂವರೆ ವರ್ಷವಾಗಿತ್ತು. ದಿಗಂಬರನಿಗೆ ಹದಿನೆಂಟು ತುಂಬಿತ್ತು. ಖಾನಾಪುರದ ಪುರೋಹಿತ ಬಿಂದುಮಾಧವ ಭಟ್ಟರ ಒಬ್ಬನೇ ಮಗ, ಈ ವರ್ಷ ಮ್ಯಾಟ್ರಿಕ್. ಪಾಸಾದರೆ ಮುಂಬಯಿಯ ಕಾಲೇಜಿಗೆ ಹೋಗಿ ಸಮುದ್ರ ಕಾಣುವ ಕಿಟಕಿಯ ಪಕ್ಕದಲ್ಲಿ ಕೂತು ಓದುವುದೆಂದು ಮೂರು ವರ್ಷದಿಂದ ಗಟ್ಟಿ ಮಾಡಿಕೊಂಡಿದ್ದ. ಸಮುದ್ರವನ್ನು ಅವನು ಕಂಡಿದ್ದು ಭೂಗೋಳದ ಪುಸ್ತಕದಲ್ಲಿ ಮಾತ್ರ. ಹೋಗಲಿ, ಕನಸಿಗೆ ಅಷ್ಟು ಸಾಕು. ಆದರೆ ಮುಂಬಯಿಗೆ ಮುಟ್ಟುವ ಮೊದಲು ಈ ಒಂದು ವರ್ಷ ಬೆಳಗಾವಿಯಲ್ಲಿ ಹೊಟ್ಟೆ ತುಂಬಬೇಕಲ್ಲ, ಅದಕ್ಕೆ ಏಳು ಮನೆ ಬೇಕಿತ್ತು.

ಬಡ ಬ್ರಾಹ್ಮಣರ ಹುಡುಗರಿಗೆ ಆಗ ವಾರದ ಊಟವೇ ಗತಿ. ಸೋಮವಾರಕ್ಕೊಂದು ಮನೆ, ಮಂಗಳವಾರಕ್ಕೊಂದು ಮನೆ, ಹೀಗೆ ಏಳು ದಿನಕ್ಕೆ ಏಳು ಮನೆ ಹಿಡಿಯಬೇಕು. ಮಿಂದು ಮಡಿಯುಟ್ಟು ಹೊತ್ತಿಗೆ ಸರಿಯಾಗಿ ಹೋಗಬೇಕು, ಬಡಿಸಿದ್ದನ್ನು ಉಣ್ಣಬೇಕು, ಮನೆಯವರ ಹುಡುಗರಿಗೆ ಲೆಕ್ಕ ಬಾರದಿದ್ದರೆ ಹೇಳಿಕೊಡಬೇಕು. ಸಾಲೆ ತೆರೆಯುವ ಮುಂಚಿನ ಒಂದು ವಾರ ಊರೆಲ್ಲ ಇದರದೇ ಓಡಾಟ. ಸಾಲೆ ತೆರೆಯುವ ದಿನ ಮುಗಿಯುವವರೆಗೆ ಯಾವನು ತನ್ನ ದಿನ ತಪ್ಪಿಸದೆ ಹೋಗಿ ಎಲೆಯ ಮುಂದೆ ಕೂತನೋ ಆ ದಿನ ವರ್ಷಪೂರ್ತಿ ಅವನದು. ಅಷ್ಟರೊಳಗೆ ಒಂದು ದಿನ ತಪ್ಪಿಸಿದರೆ, ಹಿಂದೆಯೇ ಬಾಗಿಲಲ್ಲಿ ನಿಂತ ಇನ್ನೊಬ್ಬ ಒಳಗೆ ಹೋಗಿ ಕೂತುಬಿಡುತ್ತಿದ್ದ. ಇದರಲ್ಲಿ ಗೆಳೆತನವಿಲ್ಲ, ದಾಕ್ಷಿಣ್ಯವೂ ಇಲ್ಲ. ಹಸಿವೆಯ ಮುಂದೆ ಎಲ್ಲರೂ ಅಷ್ಟೆ.

ದಿಗಂಬರನಿಗೆ ಹಳೆಯ ಆರು ಮನೆಗಳಿದ್ದವು. ಶನಿವಾರದ ಮನೆಯ ಯಜಮಾನರಿಗೆ ಧಾರವಾಡಕ್ಕೆ ವರ್ಗವಾಗಿ ಆ ದಿನ ಕೈಬಿಟ್ಟಿತ್ತು. ಬಂದ ದಿನದಿಂದಲೇ ಅವನು ಶನಿವಾರವನ್ನು ಹುಡುಕಿಕೊಂಡು ಅನಸೂರಕರ ಗಲ್ಲಿ, ಗಣಪತ ಗಲ್ಲಿ, ಶಹಾಪುರ ಎಂದು ಅಲೆದ. ಎಲ್ಲಿ ಹೋದರೂ ಅವನಿಗಿಂತ ಮೊದಲು ಒಬ್ಬ ಬಂದುಹೋಗಿರುತ್ತಿದ್ದ. ಮಳೆ ಇಂದೋ ನಾಳೆಯೋ ಎಂಬಂತೆ ಮೋಡ ಕವಿಯುತ್ತಿತ್ತು, ಬೀಳುತ್ತಿರಲಿಲ್ಲ. ಮೈಯೆಲ್ಲ ಬೆವರು, ಕಾಲಿಗೆ ಕೆಂಪು ಧೂಳು. ರಾತ್ರಿ ಮಲಗಿದರೆ ನಿದ್ದೆ ಹತ್ತಿರ ಬರುತ್ತಿರಲಿಲ್ಲ. ಕೊನೆಗೆ ಟಿಳಕವಾಡಿಯ ಒಬ್ಬ ವಕೀಲರ ಹೆಂಡತಿ, ಬರುವ ಶನಿವಾರ ಬಾ, ನೋಡೋಣ ಎಂದರು. ಅಷ್ಟಕ್ಕೇ ಅವನು ಅಲ್ಲಿಂದ ಓಡುತ್ತ ಬಂದ.

ಸೋಮವಾರದ ಮನೆ ರಾಧಾಬಾಯಿಯವರದು. ಗಂಡ ಸತ್ತು ಹತ್ತು ವರ್ಷವಾಗಿದ್ದ ಆಕೆ ದೊಡ್ಡ ಮನೆಯಲ್ಲಿ ಒಬ್ಬರೇ ಇದ್ದರು. ನೇರ ಮಾತಿನ ಹೆಂಗಸು. ಆ ಸೋಮವಾರ ಬಡಿಸುತ್ತ ಆಕೆ ದಿಗಂಬರನ ತಂಗಿಯ ಸುದ್ದಿ ತೆಗೆದರು. ಸುಮನ್‌ಗೆ ಹದಿಮೂರು. ಭಟ್ಟರು ಮಗಳನ್ನು ಸಾಲೆಗೆ ಕಳಿಸಿರಲಿಲ್ಲ. ಎರಡು ಬೇಸಿಗೆ ರಜೆಯಲ್ಲಿ ದಿಗಂಬರನೇ ಅವಳಿಗೆ ಪಾಟಿಯ ಮೇಲೆ ಅಕ್ಷರ ಕಲಿಸಿದ್ದ. ಈ ಬೇಸಿಗೆಯ ಹೊತ್ತಿಗೆ ಅವಳು ಪೇಟೆಯಿಂದ ಸಾಮಾನು ಕಟ್ಟಿಕೊಂಡು ಬಂದ ಕಾಗದವನ್ನೂ ಬಿಡದೆ ಓದುತ್ತಿದ್ದಳು. ಅವಳನ್ನು ಬೆಳಗಾವಿಯ ಹೆಣ್ಣುಮಕ್ಕಳ ಸಾಲೆಗೆ ಸೇರಿಸಿ, ರಾಧಾಬಾಯಿಯವರ ಮನೆಯಲ್ಲಿ ಇಡುವುದೆಂದು ಅಣ್ಣತಂಗಿ ಗುಟ್ಟಾಗಿ ಮಸಲತ್ತು ನಡೆಸಿದ್ದರು. ರಾಧಾಬಾಯಿಯವರು ಸಂತೋಷದಿಂದ ಒಪ್ಪಿದ್ದರು. ಒಪ್ಪದವರು ಭಟ್ಟರು ಮಾತ್ರ. ನಂದಗಡದಿಂದ ಒಂದು ಸಂಬಂಧ ಬಂದಿದೆ, ಹುಡುಗಿಗೆ ಸಾಲೆ ಯಾಕೆ ಎಂದು ಅವರು ಒಂದೇ ಮಾತಿನಲ್ಲಿ ಮುಗಿಸಿದ್ದರು. ದಿಗಂಬರ ಅದನ್ನೇ ಹೇಳಿದ.

ರಾಧಾಬಾಯಿ ಅವನ ಎಲೆಗೆ ಇನ್ನೊಂದು ಸೌಟು ಹುಳಿ ಹಾಕಿದರು. "ಹಿತ್ತಲ ಕಡೀ ಕೋಲಿ ಖಾಲಿನಽ ಅದ," ಎಂದರು. "ನಿಮ್ಮಪ್ಪನ ಮನಸ್ಸು ತಿರುಗಿದ ದಿವಸ ಕರಕೊಂಡು ಬಾ. ಮುಂಚೆ ಹೇಳಿ ಕಳಸೂದೂ ಬ್ಯಾಡ."

ಮನಸ್ಸು ತಿರುಗುವ ಜಾತಿಯಲ್ಲ ನಮ್ಮಪ್ಪ ಎಂದು ದಿಗಂಬರ ಮನಸ್ಸಿನಲ್ಲೇ ಅಂದುಕೊಂಡು ಇನ್ನೊಂದು ಹಿಡಿ ಅನ್ನ ಹಾಕಿಸಿಕೊಂಡ.

ಮರುದಿನ ಮಂಗಳವಾರ. ಅವನಿದ್ದದ್ದು ಮಾರುತಿ ಗುಡಿಯ ಹಿಂದಿನ ಸಣ್ಣ ಕೋಣೆಯಲ್ಲಿ. ಗುಡಿಯ ಅಂಗಳ ಗುಡಿಸುವುದೇ ಅದರ ಬಾಡಿಗೆ. ಕಸಬರಿಗೆ ಹಿಡಿದು ನಿಂತಿದ್ದಾಗ ಪೋಸ್ಟಿನ ಬಸಲಿಂಗಪ್ಪ ಬಂದು, "ದಿಗಂಬರಪ್ಪಾ, ನಿಂದೊಂದು ಕಾರ್ಡ ಐತಿ ನೋಡು" ಎಂದು ಕೈಗೆ ಕೊಟ್ಟು ಹೋದ. ದಿಗಂಬರ ಕಾರ್ಡನ್ನು ತಿರುಗಿಸಿದ. ತಿರುಗಿಸಿದವನೇ ಕಣ್ಣು ಮುಚ್ಚಿದ.

ಕಾರ್ಡಿನ ನೆತ್ತಿಯ ಮೇಲೆ ಶ್ರೀ ಇರಲಿಲ್ಲ.

ಎಂಥ ಅವಸರದಲ್ಲಿದ್ದರೂ ಶ್ರೀಕಾರ ಹಾಕದೆ ನಮ್ಮವರು ಕಾಗದ ಬರೆಯುವುದಿಲ್ಲ. ಹಾಗೆ ಬರೆಯುವುದು ಒಂದೇ ಸಂದರ್ಭದಲ್ಲಿ, ಯಾರಾದರೂ ಸತ್ತಾಗ. ಅಂಥ ಕಾಗದವನ್ನು ಮನೆಯ ಹೊರಗೇ ನಿಂತು ಓದಿ, ಹರಿದು ಎಸೆದು, ತಲೆಯ ಮೇಲೆ ನೀರು ಹಾಕಿಕೊಂಡು ಒಳಗೆ ಬರಬೇಕು. ಇದನ್ನು ಪುರೋಹಿತರ ಮಗನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹೇಳಿಕೊಡಬೇಕಾಗಿಲ್ಲದ್ದು ಇನ್ನೊಂದೂ ಇತ್ತು. ಸಾವಿನ ಸುದ್ದಿ ಕಿವಿಗೆ ಬಿದ್ದ ಮೇಲೆಯೇ ದೂರದಲ್ಲಿದ್ದವನಿಗೆ ಸೂತಕ. ತಿಳಿಯುವವರೆಗೆ ಅವನಿಗೆ ಮೈಲಿಗೆಯಿಲ್ಲ. ಹತ್ತು ದಿನದ ನಂತರ ತಿಳಿದರೆ ಮೂರೇ ದಿನ ಆಚರಿಸಿದರೆ ಆಯಿತು.

ಅವನು ಕಣ್ಣು ಮುಚ್ಚಿಕೊಂಡೇ ಯೋಚಿಸಿದ. ಓದಿದರೆ ಈಗಿನಿಂದ ಸೂತಕ. ಸೂತಕದವನನ್ನು ಯಾರ ಮನೆಯಲ್ಲಿಯೂ ಎಲೆಯ ಮುಂದೆ ಕೂಡಿಸುವುದಿಲ್ಲ. ಹತ್ತು ದಿನ ಕಳೆದು ಹೋಗುವಷ್ಟರಲ್ಲಿ ಏಳೂ ಮನೆಯಲ್ಲಿ ಏಳು ಜನ ಬೇರೆಯವರು ಉಂಡು ಡೇಗುತ್ತಿರುತ್ತಾರೆ. ಅಲ್ಲಿಗೆ ಮ್ಯಾಟ್ರಿಕ್ ಮುಗಿಯಿತು, ಮುಂಬಯಿಯೂ ಮುಗಿಯಿತು, ಖಾನಾಪುರಕ್ಕೆ ಹೋಗಿ ಅಪ್ಪನ ಹಿಂದೆ ಪಂಚಪಾತ್ರೆ ಹಿಡಿದು ನಡೆಯುವುದೇ ಸರಿ.

ಸತ್ತವರು ಯಾರು ಎಂಬುದೂ ಅವನಿಗೆ ಗೊತ್ತಿದ್ದಂತೆಯೇ ಇತ್ತು. ಲೋಂಡಾದ ಮಾರ್ತಾಂಡ ಕಾಕಾ, ಅಪ್ಪನ ತಮ್ಮ, ಆರು ತಿಂಗಳಿಂದ ಉಬ್ಬಸದಿಂದ ಹಾಸಿಗೆ ಹಿಡಿದಿದ್ದರು. ಯುಗಾದಿ ಕಾಣುವುದಿಲ್ಲ ಎಂದು ಎಲ್ಲರೂ ಹೇಳಿದ್ದರು, ಯುಗಾದಿ ಕಂಡು ಎರಡು ತಿಂಗಳಾಗಿತ್ತು. ಖಾನಾಪುರದ ಮನೆಯಲ್ಲೇ ಏನಾದರೂ ಆಗಿದ್ದರೆ ಕಾರ್ಡು ಯಾಕೆ ಬರುತ್ತದೆ, ಒಂದು ತಾಸಿನ ಗಾಡಿಯ ಹಾದಿ, ಮನುಷ್ಯನೇ ಬರುತ್ತಿದ್ದ. ಕಣ್ಣಿಗೆ ಬಿದ್ದ ಒಂದೆರಡು ಅಕ್ಷರ ಅಪ್ಪನವಲ್ಲ, ಗುರುತಿನ ಯಾರವೂ ಅಲ್ಲ. ಸೂತಕದ ಮನೆಯಲ್ಲಿ ನೆರೆಯವರೇ ಕಾಗದ ಬರೆಯುವುದು. ಎಲ್ಲವೂ ಸರಿಯಾಗಿ ಕೂಡಿಕೊಂಡಿತು.

ಕಾಕಾ ಹೋದದ್ದಕ್ಕೆ ಅವನಿಗೆ ದುಃಖವಾಗಲಿಲ್ಲವೆಂದಲ್ಲ. ಆಯಿತು. ಆದರೆ ಆ ದುಃಖವನ್ನು ಒಂದು ವಾರ ಮುಂದೆ ಹಾಕಿದರೆ ಕಾಕಾನಿಗೇನೂ ನಷ್ಟವಿಲ್ಲ, ತನಗೆ ಒಂದು ವರ್ಷದ ಅನ್ನ ಉಳಿಯುತ್ತದೆ ಎಂದು ಅವನ ಬುದ್ಧಿ ಹೇಳಿತು. ಬುದ್ಧಿ ಇಂಥ ಹೊತ್ತಿನಲ್ಲಿ ಬಹಳ ಚುರುಕು. ಅವನು ಕಾರ್ಡನ್ನು ಬರಹ ಕೆಳಗಾಗಿ ಹಿಡಿದುಕೊಂಡು ಗುಡಿಯ ಗೋಡೆಯ ಹೊರಗಿದ್ದ ದನದ ಕೊಟ್ಟಿಗೆಗೆ ಹೋಗಿ, ಸೂರಿನ ಹಂಚಿನ ಸಂದಿಯಲ್ಲಿ ತುರುಕಿ, ಕೈ ತೊಳೆದುಕೊಂಡು ಬಂದ.

ಇನ್ನು ಸಮಾಧಾನವಾಗಿರಬಹುದು ಎಂದುಕೊಂಡದ್ದೇ ತಪ್ಪು. ಮಂಗಳವಾರದ ಮನೆಯಲ್ಲಿ ಮೊದಲ ತುತ್ತು ಬಾಯಿಗೆ ಹೋಗುವಾಗಲೇ ಮನೆಯ ಮುದುಕಿ, ಊರಲ್ಲಿ ಎಲ್ಲರೂ ಸುಖವೇ ಎಂದು ಕೇಳಿದಳು. ಅವನಿಗೆ ನೆತ್ತಿ ಹತ್ತಿತು. ಬುಧವಾರದ ಮನೆಯಲ್ಲಿ ದೇವರ ಕೋಣೆಯಿಂದ ತೀರ್ಥ ತಂದುಕೊಡು ಎಂದರು. ತನಗೆ ಕಾಲು ಉಳುಕಿದೆ ಎಂದು ಸುಳ್ಳು ಹೇಳಿ, ಆಮೇಲೆ ಆ ಗಲ್ಲಿ ದಾಟುವವರೆಗೂ ಕುಂಟಿದ. ಉಣ್ಣುತ್ತಿರುವುದು ಶುದ್ಧವೋ ಮೈಲಿಗೆಯೋ ಅವನಿಗೇ ಗೊತ್ತಿರಲಿಲ್ಲ. ಶಾಸ್ತ್ರದ ಪ್ರಕಾರ ತಪ್ಪಿಲ್ಲ, ತಪ್ಪಿಲ್ಲ ಎಂದು ದಾರಿಯುದ್ದಕ್ಕೂ ಹೇಳಿಕೊಳ್ಳುತ್ತಿದ್ದ. ತಪ್ಪಿಲ್ಲದವನು ಇಷ್ಟು ಸಲ ಹೇಳಿಕೊಳ್ಳುತ್ತಾನೆಯೇ?

ದಿನಕ್ಕೆ ನಾಲ್ಕು ಸಲ ಕೊಟ್ಟಿಗೆಯ ಮುಂದೆ ಹಾಯುತ್ತಿದ್ದ. ಹಾಯುವಾಗ ಬೇರೆ ಕಡೆ ನೋಡುತ್ತಿದ್ದ, ಹಾದ ಮೇಲೆ ತಿರುಗಿ ನೋಡುತ್ತಿದ್ದ. ಊರು ದಿನದಿಂದ ದಿನಕ್ಕೆ ತುಂಬುತ್ತಿತ್ತು. ಖಡೇಬಜಾರಿನಲ್ಲಿ ಹಳೆಯ ಪುಸ್ತಕ ಮಾರುವವರು, ಕೊಳ್ಳುವವರು, ಹೊಸ ಟೊಪ್ಪಿಗೆಯ ಹುಡುಗರು, ರಜೆಯ ಸುದ್ದಿ ಕೂಗಿ ಹೇಳುವ ಗೆಳೆಯರು. ಅವರ ನಡುವೆ ನಿಂತು ನಗುವಾಗಲೂ ಅವನ ಜೀವ ಆ ಹಂಚಿನ ಸಂದಿಯಲ್ಲಿರುತ್ತಿತ್ತು. ಗುರುವಾರ ಸಂಜೆ ಗುಡುಗು ಶುರುವಾಯಿತು. ಮಳೆ ಸುರಿದು ಕಾರ್ಡು ನೆನೆದು ಅಕ್ಷರ ಅಳಿಸಿಹೋಗಲಿ ಎಂದು ಅವನು ಮಾರುತಿಯನ್ನು ಬೇಡಿಕೊಂಡ. ನಾಲ್ಕು ಹನಿ ಬಿದ್ದು ನಿಂತಿತು. ಅಳಿಸಬಾರದು ಎಂದು ಆಮೇಲೆ ಬೇಡಿಕೊಂಡ. ಮಾರುತಿ ಯಾವುದನ್ನು ನಡೆಸಿಕೊಡಬೇಕು ಪಾಪ.

ಶನಿವಾರ ವಕೀಲರ ಮನೆಗೆ ಹೋದ. ಆ ತಾಯಿ ಹೋಳಿಗೆ ಮಾಡಿದ್ದರು. ಅವನು ಒಂದನ್ನೇ ಮುರಿಯುತ್ತ ಕೂತ, ಆಕೆ ಅದನ್ನು ಸಂಕೋಚವೆಂದು ತಿಳಿದು ಇನ್ನೊಂದು ಹಾಕಿದರು. ಕೈ ತೊಳೆದ ಮೇಲೆ ವಕೀಲರು ಹೊರಗೆ ಬಂದು, ಹುಡುಗ ಮರ್ಯಾದಸ್ಥ ಇದ್ದಾನೆ, ಪ್ರತಿ ಶನಿವಾರ ಬರಲಿ ಎಂದರು. ಏಳು ಮನೆ ಪೂರ್ತಿಯಾಯಿತು. ಟಿಳಕವಾಡಿಯಿಂದ ನಡೆದು ಬರುವಾಗ ಸಂತೋಷಪಡಲು ಅವನು ಬಹಳ ಪ್ರಯತ್ನ ಮಾಡಿದ. ನಾಳೆ ರವಿವಾರದ ಊಟ, ನಾಡಿದ್ದು ಸೋಮವಾರ ಸಾಲೆ, ಅವತ್ತು ರಾಧಾಬಾಯಿಯವರಲ್ಲಿ ಉಂಡುಬಿಟ್ಟರೆ ಎಲ್ಲ ಮನೆಗಳೂ ಗಟ್ಟಿ. ಆಮೇಲೆ ಓದುತ್ತೇನೆ, ಅಳುತ್ತೇನೆ, ಸೂತಕವನ್ನೂ ಹಿಡಿಯುತ್ತೇನೆ ಎಂದು ಕಾಕಾನ ಹೆಸರಿನಲ್ಲಿ ಮಾತು ಕೊಟ್ಟುಕೊಂಡ.

ಸೋಮವಾರ ಬೆಳಿಗ್ಗೆ ಅವನು ಮಿಂದು ಬರುವಷ್ಟರಲ್ಲಿ ಬಸಲಿಂಗಪ್ಪ ಮತ್ತೆ ನಿಂತಿದ್ದ. ಈ ಸಲ ಲಕೋಟೆ. ನಾಲ್ಕೂ ಮೂಲೆಗೆ ಅರಿಸಿನ ಕುಂಕುಮ ಹಚ್ಚಿತ್ತು. ಒಳಗೆ ಅಪ್ಪನ ದುಂಡನೆಯ ಅಕ್ಷರ, ಮೇಲೆ ಹೆಬ್ಬೆರಳಿನಷ್ಟು ದೊಡ್ಡ ಶ್ರೀ. ಚಿರಂಜೀವಿ ದಿಗಂಬರನಿಗೆ ಆಶೀರ್ವಾದ. ಚಿರಂಜೀವಿ ಸೌಭಾಗ್ಯಕಾಂಕ್ಷಿಣಿ ಸುಮನ್‌ಳನ್ನು ನಂದಗಡದವರಿಗೆ ಕೊಡುವುದೆಂದು ಶುಕ್ರವಾರ ನಿಶ್ಚಯವಾಗಿ ಸಕ್ಕರೆ ಹಂಚಲಾಗಿದೆ. ಲಗ್ನ ಈ ತಿಂಗಳೇ ಆಗಬೇಕೆಂದು ಅವರ ಅಪೇಕ್ಷೆ. ಕೆಳಗೆ ಒಂದು ಸಾಲು ಹೆಚ್ಚಿಗೆ ಬರೆದಿದ್ದರು: ಲೋಂಡಾದ ಮಾರ್ತಾಂಡ ಕೋಲೂರಿಕೊಂಡು ತಾನೇ ಬಂದು, ಎರಡು ಸಲ ಪಾಯಸ ಹಾಕಿಸಿಕೊಂಡು ಉಂಡು ಹೋದನು.

ದಿಗಂಬರ ಆ ಸಾಲನ್ನು ಮೂರು ಸಲ ಓದಿದ. ಕಾಕಾ ಜೀವಂತ. ಅಪ್ಪ, ಅವ್ವ, ಸುಮಿ ಎಲ್ಲರೂ ಇದ್ದಾರೆ. ಶುಕ್ರವಾರ ಮನೆಯಲ್ಲಿ ಮಂಗಳಕಾರ್ಯ ನಡೆದಿದೆ. ಹಾಗಾದರೆ ಮಂಗಳವಾರ ಬಂದದ್ದು ಯಾರ ಸಾವು?

ಒದ್ದೆ ಪಂಚೆಯಲ್ಲೇ ಕೊಟ್ಟಿಗೆಗೆ ಓಡಿದ. ಕಾರ್ಡು ಬೆಚ್ಚಗೆ ಒಣಗಿಕೊಂಡು ಇದ್ದಲ್ಲಿಯೇ ಇತ್ತು. ತಿರುಗಿಸಿದ. ಅಕ್ಷರ ದಪ್ಪದಪ್ಪ, ಸಾಲು ಮೇಲಕ್ಕೇರಿ ಇಳಿದು ಹೋಗಿತ್ತು, ಅಲ್ಲಲ್ಲಿ ಮಸಿ ಚೆಲ್ಲಿತ್ತು. ಬಳಪ ಬಿಟ್ಟು ಬೇರೇನೂ ಹಿಡಿದು ಗೊತ್ತಿಲ್ಲದ ಕೈ.

"ಅಣ್ಣಾ, ಇದು ನಾನಽ ಬರದೇನಿ, ಯಾರೂ ಹೇಳಿಕೊಟ್ಟಿಲ್ಲ. ಅಪ್ಪ ಹೂಂ ಅಂದಾರ. ಅವ್ವ ಎರಡು ದಿನ ಊಟ ಬಿಟ್ಟಳು ಅದಕ್ಕ. ರಾಧಾಬಾಯಿಯವರು ಇಟಗೋತಾರಂತ ನೀ ಬಂದು ಎದುರಿಗೆ ಹೇಳಬೇಕಂತ. ಹೇಳಿದರ ಸಾಲಿಗೆ ಕಳಸತಾರ. ಶುಕ್ರವಾರ ನಂದಗಡದವರು ಬರತಾರ. ಅದರೊಳಗ ನೀ ಬರಲಿಲ್ಲಂದರ ಅವರಿಗೆ ಮಾತು ಕೊಡತೇನಿ ಅಂದಾರ. ಗುರುವಾರ ಬಾ. ನಾ ಅರಿವಿ ಗಂಟು ಕಟ್ಟಿ ಇಟ್ಟೇನಿ. ಪಾಟೀನೂ ಇಟ್ಟೇನಿ."

ಜಾಗ ಸಾಲದೆ ಕೊನೆಯ ಸಾಲನ್ನು ಅಂಚಿನಲ್ಲಿ ಅಡ್ಡಲಾಗಿ ಬರೆದಿದ್ದಳು. ಅವನು ಕೊಟ್ಟಿಗೆಯ ಗೋಡೆಗೆ ಒರಗಿ ಕೂತುಬಿಟ್ಟ. ಅವಳಿಗೆ ಅಆಇಈ ಕಲಿಸಿದ್ದ, ಒತ್ತಕ್ಷರ ಕಲಿಸಿದ್ದ, ಮಗ್ಗಿ ಕಲಿಸಿದ್ದ. ಕಾಗದದ ಮೇಲೆ ಮೊದಲು ಶ್ರೀ ಬರೆಯಬೇಕೆಂದು ಹೇಳಿರಲಿಲ್ಲ. ಅವಳು ಕಾಗದ ಬರೆದಾಳೆಂದು ಅವನಿಗೆ ಹೊಳೆದೇ ಇರಲಿಲ್ಲ. ಅವಳ ಜನ್ಮದ ಮೊದಲ ಕಾಗದವನ್ನು ಹೆಣದ ಸುದ್ದಿಯೆಂದು ಸೂರಿಗೆ ತುರುಕಿ ಕೈ ತೊಳೆದುಕೊಂಡಿದ್ದ.

ಅವತ್ತು ಅವನು ಸಾಲೆಗೂ ಹೋಗಲಿಲ್ಲ, ರಾಧಾಬಾಯಿಯವರಲ್ಲಿಗೂ ಹೋಗಲಿಲ್ಲ. ಸ್ಟೇಶನ್ನಿಗೆ ಓಡಿ ಸಿಕ್ಕ ಗಾಡಿ ಹತ್ತಿದ. ಎದುರಿಗೆ ಬಂದ ಗಾಡಿಯಲ್ಲಿ ಇನ್ನೂ ಹುಡುಗರು ಬರುತ್ತಿದ್ದರು, ಕಿಟಕಿಯಿಂದ ಕೈ ಹೊರಗೆ ಹಾಕಿ ಕೂಗುತ್ತಿದ್ದರು. ದೇಸೂರು ದಾಟುವವರೆಗೂ ಅವನು ಕೂಡಲಾರದೆ ಬಾಗಿಲಲ್ಲೇ ನಿಂತಿದ್ದ. ಅಪ್ಪನ ಕಾಲು ಹಿಡಿಯುತ್ತೇನೆ, ನಂದಗಡಕ್ಕೆ ಹೋಗಿ ಮಾತು ಬಿಡಿಸಿಕೊಂಡು ಬರುತ್ತೇನೆ, ಹೀಗೆ ಹೇಳುತ್ತೇನೆ, ಹಾಗೆ ಹೇಳುತ್ತೇನೆ ಎಂದು ತನ್ನಷ್ಟಕ್ಕೆ ಗುನುಗುತ್ತಿದ್ದ.

ಅಪ್ಪ ಮನೆಯಲ್ಲಿ ಇರಲಿಲ್ಲ. ಮುಹೂರ್ತ ಗೊತ್ತುಮಾಡಲು ನಂದಗಡಕ್ಕೇ ಹೋಗಿದ್ದರು. ಮಗ ಸುದ್ದಿ ಕೇಳಿ ಸಂತೋಷಕ್ಕೆ ಓಡಿ ಬಂದನೆಂದು ಅವ್ವ ತಿಳಿದಳು. ಸುಮನ್ ಹಿತ್ತಲಲ್ಲಿ ಹಪ್ಪಳ ಎತ್ತುತ್ತಿದ್ದಳು. ಮೋಡ ಕವಿದು ಗಾಳಿ ಎದ್ದಿತ್ತು. ಲಗ್ನದ ಹಪ್ಪಳ, ಚಾಪೆಯ ತುಂಬ ಹಾಸಿತ್ತು. ಅವನೂ ಬಗ್ಗಿ ಎತ್ತತೊಡಗಿದ. ಎರಡು ಸಾಲು ಮುಗಿದವು.

"ನನ್ನ ಕಾರ್ಡು ಮುಟ್ಟಲಿಲ್ಲೇನು ನಿನಗ?" ಎಂದಳು ಆಮೇಲೆ. "ಬೀರಣ್ಣನ ಕೈಯಾಗ ಪೋಸ್ಟಿಗೆ ಕೊಟ್ಟಿದ್ದೆ. ಅವ ಕುರಿ ಹಿಂದ ಹೋಗಿ ಮರತಿರಬೇಕು. ಮೂರು ದಿನ ಆತು, ಅವನ ಕೂಡ ನಾ ಮಾತಾಡಿಲ್ಲ."

ಬೀರಣ್ಣ ಅವರ ಹೊಲದ ಬಾಜೂ ಕುರಿ ಕಾಯುವವನು, ಪಾಪದ ಮನುಷ್ಯ. ಹೂಂ ಅಂದರೆ ಸಾಕಿತ್ತು, ಎಲ್ಲ ಅವನ ತಲೆಯ ಮೇಲೆ ಹೋಗಿ ಮುಗಿದುಬಿಡುತ್ತಿತ್ತು. ದಿಗಂಬರನ ಬಾಯಿ ಹೂಂ ಎನ್ನಲು ತೆರೆದದ್ದೂ ನಿಜ. ಅಂಗಿಯ ಕಿಸೆಯಲ್ಲಿದ್ದ ಕಾರ್ಡು ಬಗ್ಗಿದಾಗ ಎದೆಗೆ ಚುಚ್ಚಿತು.

"ಮುಟ್ಟಿತ್ತು," ಎಂದ. "ಮಂಗಳವಾರನಽ ಮುಟ್ಟಿತ್ತು."

ಅವಳು ಕೈಯಲ್ಲಿ ಹಪ್ಪಳ ಹಿಡಿದುಕೊಂಡೇ ನೋಡಿದಳು. ಅವನು ಎಲ್ಲವನ್ನೂ ಹೇಳಿದ. ಶ್ರೀ ಇಲ್ಲದ್ದು, ಸೂತಕ, ಹತ್ತು ದಿನ, ಏಳು ಮನೆ, ದನದ ಕೊಟ್ಟಿಗೆ. ಗಾಡಿಯಲ್ಲಿ ಸಿದ್ಧ ಮಾಡಿಕೊಂಡಿದ್ದ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ. ಈಗಲೇ ನಂದಗಡಕ್ಕೆ ಹೋಗುತ್ತೇನೆ ಎಂದ. ಸಕ್ಕರೆ ಹಂಚಿದ ಮೇಲೆ ಅಪ್ಪ ಮಾತು ಮುರಿಯುವುದಿಲ್ಲ, ಸುಮ್ಮನೆ ಹೋಗಿ ಅವಮಾನ ಮಾಡಿಸಿಕೊಳ್ಳಬೇಡ ಎಂದು ಅವಳೇ ದೊಡ್ಡವಳಂತೆ ಹೇಳಿದಳು. ಗುರುವಾರ ಮೂರೂ ಗಾಡಿಯ ಹೊತ್ತಿಗೆ ತಾನು ಗಂಟು ತೊಡೆಯ ಮೇಲೆ ಇಟ್ಟುಕೊಂಡು ಪಡಸಾಲೆಯಲ್ಲಿ ಕೂತಿದ್ದೆನೆಂದೂ, ಕತ್ತಲಾದ ಮೇಲೆ ಅಪ್ಪನೇ ಬಂದು, ಒಳಗೆ ಏಳವ್ವಾ ಎಂದು ತಲೆ ಸವರಿದರೆಂದೂ ಹೇಳಿದಳು. ಆಮೇಲೆ ಕೈಯಲ್ಲಿದ್ದ ಹಪ್ಪಳವನ್ನು ಉಳಿದವುಗಳ ಮೇಲೆ ಇಟ್ಟಳು.

"ಯಾರು ಸತ್ತಾರಂತ ತಿಳಕೊಂಡಿದ್ದಿ?"

"ಲೋಂಡಾ ಕಾಕಾ."

"ಖರೇ ಗೊತ್ತಿತ್ತೇನು?"

"ಇಲ್ಲ."

"ಹಂಗಾರ ಅಪ್ಪಾನೂ ಇರಬಹುದಿತ್ತು," ಎಂದಳು. "ನಾನೂ ಇರಬಹುದಿತ್ತು. ಏಳೂ ಮನ್ಯಾಗ ಉಂಡು ಮುಗಿಸಿ ಆಮ್ಯಾಲೆ ಓದತಿದ್ದಿ."

ಸಿಟ್ಟಿನಿಂದ ಹೇಳಿದ್ದರೆ ಅವನು ಎದುರು ಮಾತಾಡುತ್ತಿದ್ದನೇನೋ. ಅವಳು ಸಿಟ್ಟಿನಲ್ಲಿರಲಿಲ್ಲ. ಅಣ್ಣ ಎಂಥವನೆಂಬುದು ಈಗ ತಿಳಿಯಿತು, ಅಷ್ಟೆ, ಎನ್ನುವ ಹಾಗೆ ಹೇಳಿ, ಚಾಪೆಯ ಇನ್ನೊಂದು ತುದಿಗೆ ಹೋಗಿ ಉಳಿದ ಹಪ್ಪಳ ಎತ್ತಿದಳು. ಇಲ್ಲ ಸುಮಿ ಎನ್ನಬೇಕೆಂದು ದಿಗಂಬರನಿಗೆ ಬಹಳ ಅನ್ನಿಸಿತು. ಆರು ದಿನ ಆರು ಮನೆಯಲ್ಲಿ ಉಂಡದ್ದು ಒಂದೊಂದಾಗಿ ನೆನಪಾಯಿತು. ಒಳಗಿನಿಂದ ಅವ್ವ, ಎಲೆ ಹಾಕೀನಿ ಬಾ ಎಂದು ಎರಡು ಸಲ ಕರೆದಳು. ಅವನು ಬಗ್ಗಿದಲ್ಲೇ ಇದ್ದ, ಏಳಲಿಲ್ಲ.